ಕನ್ನಡಕದ ಡಬ್ಬಿಯ ಹೂ

ಎಲೆಗಳ ನಡುವೆ ಒಂದು ಹೂವಿತ್ತು.

ಮೊದಲಿಗೆ ಹತ್ತಿಯ ಚೂರು ಅಂದುಕೊಂಡಳು. ಮಾಲಿ ಎಲೆ ಒರೆಸುವ ಹಳೇ ಬಟ್ಟೆಯಿಂದ ಬಿಟ್ಟಿರಬೇಕು ಎಂದು ಚಿಮುಟದಿಂದ ಎತ್ತಿದರೆ ಜೊತೆಗೆ ಒಂದು ಗೇಣುದ್ದದ ಕಡ್ಡಿಯೂ, ಕಡ್ಡಿಗೆ ಅಂಟಿದ ನಾಲ್ಕು ಎಲೆಗಳೂ ಎದ್ದು ಬಂದವು. ತುದಿಯಲ್ಲಿ ಬಿಳಿ ಕುಚ್ಚು, ಪುಟ್ಟ ಕುಂಚದ ಹಾಗೆ. ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ಪ್ರಯೋಗಾಲಯದಲ್ಲಿ ಅವಳ ಮೇಜಿನ ಮೇಲೆ ಒದ್ದೆ ಬಟ್ಟೆ ಮುಚ್ಚಿದ ತಟ್ಟೆ ಇರುತ್ತಿತ್ತು. ತಟ್ಟೆಯಲ್ಲಿ ಎಲೆಗಳು, ತೊಟ್ಟು ಬಿಡಿಸಿ, ತೊಳೆದು, ಒಂದೊಂದನ್ನೂ ಒರೆಸಿ, ಬೆನ್ನು ಮೇಲಾಗಿ ಜೋಡಿಸಿದವು. ಯಾವ ಕಾಲದಲ್ಲೋ ಒಮ್ಮೆ, ಎಷ್ಟು ಚೆನ್ನಾಗಿ ಮಾಡ್ತೀರಿ, ನನ್ನ ಅರ್ಧ ಗಂಟೆ ಉಳೀತು ಎಂದು ಹೇಳಿದ್ದಳು; ಆ ಒಂದು ಮಾತಿಗೆ ಮಾಲಿ ಇಷ್ಟು ವರ್ಷ ತಪ್ಪದೆ ಹಾಗೆಯೇ ಮಾಡಿಕೊಂಡು ಬಂದಿದ್ದರು. ಇವತ್ತು ಮೊಣಕಾಲು ನೋವು ಜಾಸ್ತಿಯಾಗಿರಬೇಕು, ಕೂತು ಬಿಡಿಸಲು ಆಗಿಲ್ಲ. ಅರ್ಧದಷ್ಟು ಎಲೆ ಕಡ್ಡಿಯ ಸಮೇತ ಇತ್ತು.

ಬೇರೆ ಯಾವುದೋ ಗಿಡದ ಹೂವು ಬಂದು ಸೇರಿದೆ ಎಂದುಕೊಂಡಳು. ಹಾಗೆ ಅಂದುಕೊಂಡ ಕ್ಷಣದಲ್ಲಿ ಎಷ್ಟು ಹಗುರವಾಗಿತ್ತು ಎಂಬುದು ಆಮೇಲೆ ದಿನವೆಲ್ಲ ನೆನಪಾಗುತ್ತಿತ್ತು. ಯಾಕೆಂದರೆ ಮರುಕ್ಷಣ ಕಡ್ಡಿಯ ಎಲೆಯನ್ನೂ ತಟ್ಟೆಯ ಎಲೆಯನ್ನೂ ಪಕ್ಕಪಕ್ಕ ಇಟ್ಟಳು. ಅಂಚಿನ ಹಲ್ಲುಗಳು ಅವೇ. ಬೆನ್ನಿನ ಮೇಲಿನ ಬೂದು ರೋಮ ಅದೇ. ತಟ್ಟೆಯ ನೂರಾರು ಎಲೆಗಳೂ ಈ ನಾಲ್ಕರ ಒಡಹುಟ್ಟಿದವು. ಅವಳು ಸಂಶೋಧನೆಗೆ ಆರಿಸಿಕೊಂಡ ಗಿಡದ ಹೂವು ನೇರಳೆ, ಎರಡು ತುಟಿಗಳದ್ದು, ಏನೋ ಹೇಳಲು ಹೊರಟ ಪುಟ್ಟ ಬಾಯಿಯ ಹಾಗೆ ಇರುವಂಥದ್ದು. ಇದು ಬಿಳಿ ಕುಚ್ಚು. ಬೆರಳುಗಳು ತಾವಾಗಿಯೇ ಕಡ್ಡಿಯನ್ನು ಹೊರಳಿಸಿದವು. ಇಪ್ಪತ್ತಾರು ವರ್ಷದಿಂದ ಮೊದಲ ವರ್ಷದ ಮಕ್ಕಳಿಗೆ ಅವಳು ಹೇಳುತ್ತಿದ್ದ ಮೊದಲ ಪಾಠ ಅದು: ಎಲೆ ಯಾರ ಅಂಗಿ ಬೇಕಾದರೂ ತೊಟ್ಟುಕೊಂಡು ಬರುತ್ತದೆ, ನಂಬಬೇಡಿ, ಕಾಂಡವನ್ನು ಬೆರಳ ನಡುವೆ ಹೊರಳಿಸಿ ನೋಡಿ, ಆಮೇಲೆ ಹೂವನ್ನು ಕೇಳಿ. ಅವಳ ಗಿಡದ ಕಾಂಡಕ್ಕೆ ನಾಲ್ಕು ಮೂಲೆ. ಹೊರಳಿಸಿದರೆ ಬೆರಳಿಗೆ ಟಕ್ ಟಕ್ ಎಂದು ಸಿಗುತ್ತದೆ. ಇದು ನುಣ್ಣಗೆ ಹೊರಳಿತು. ದುಂಡಗಿತ್ತು.

ಹೊರಗೆ ಚಪ್ಪಲಿಯ ಸದ್ದು. ಅವಳಿಗೆ ತಾನು ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಹೂವಿನ ತುದಿ ತುಂಡು ಕಡ್ಡಿಯ ಸಮೇತ ಮುರಿದು ಕನ್ನಡಕದ ಡಬ್ಬಿಯೊಳಗೆ ಹೋಗಿತ್ತು, ಡಬ್ಬಿ ಟಪ್ಪೆಂದು ಮುಚ್ಚಿಕೊಂಡಿತ್ತು, ಡಬ್ಬಿ ಕೈಚೀಲದ ತಳ ಸೇರಿತ್ತು. ಐವತ್ತೇಳು ವರ್ಷದ ಹೆಂಗಸು, ಕಳ್ಳತನ ಮಾಡಿದ ಮಗುವಿನ ಹಾಗೆ ಎರಡೂ ಕೈ ಮೇಜಿನ ಮೇಲಿಟ್ಟು ನಿಂತಳು.

ಬಂದವಳು ಅಳಿಲು. ಅವಳ ಕೈಕೆಳಗೆ ಐದು ವರ್ಷದಿಂದ ಸಂಶೋಧನೆ ಮಾಡುತ್ತಿದ್ದ ಹುಡುಗಿ. ಮೆಟ್ಟಿಲನ್ನು ಒಂದೊಂದಾಗಿ ಹತ್ತಿದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಆ ಹೆಸರು. ಇವತ್ತು ಅವಳ ತೋಳಿನ ತುಂಬ ನೀಲಿ ರಟ್ಟಿನ ನಾಲ್ಕು ದಪ್ಪ ಪುಸ್ತಕ, ಅವಳ ಪ್ರಬಂಧದ ಪ್ರತಿಗಳು.

“ಬಂತು ಮೇಡಂ! ಬೈಂಡು ಮಾಡೋನು ನಿನ್ನೆ ಏಳು ಗಂಟೆಗೆ ಕೊಟ್ಟ. ನೀಲಿ ಹೇಳಿದ್ದು ಬೇರೆ ನೀಲಿ, ಕೊಟ್ಟಿದ್ದು ಬೇರೆ ನೀಲಿ. ಪೊಲೀಸ್ ಪೇದೆ ಅಂಗಿ ಥರ ಇದೆ. ಪರವಾಗಿಲ್ಲ ಅಲ್ವಾ?”

“ಪರವಾಗಿಲ್ಲ.”

“ಮೂರನೇ ಪುಟದಲ್ಲಿ ನಿಮ್ಮ ಸೈನು. ನಾಲ್ಕೂ ಪ್ರತಿಗೆ. ಆಫೀಸಿನ ಗುಮಾಸ್ತರು ಐದು ಗಂಟೆಗೆ ಕಿಟಕಿ ಮುಚ್ತಾರೆ, ಇವತ್ತು ಬಿಟ್ರೆ ಮುಂದಿನ ಸರದಿ ಆರು ತಿಂಗಳಿಗೆ. ಅಷ್ಟರಲ್ಲಿ ನನ್ನ ಕೆಲಸದ ಆರ್ಡರು ಮಂಗಮಾಯ.” ನಕ್ಕಳು. ಆಮೇಲೆ ನಗು ನಿಲ್ಲಿಸಿ ನೋಡಿದಳು. “ಮೇಡಂ, ಮುಖ ಯಾಕೆ ಹಾಗಿದೆ? ತಿಂಡಿ ತಿಂದಿಲ್ವಾ?”

“ರಾತ್ರಿ ನಿದ್ದೆ ಸರಿಯಾಗಲಿಲ್ಲ. ಪುಸ್ತಕ ಇಟ್ಟು ಹೋಗು. ಓದಿ ಮಾಡ್ತೀನಿ.”

“ಏಳು ಸಲ ಓದಿದೀರ!”

“ಎಂಟನೇ ಸಲ ಓದ್ತೀನಿ.”

ಅಳಿಲು ಹೋಗಿ ಐದು ನಿಮಿಷಕ್ಕೆ ತಿರುಗಿ ಬಂದು ಸಕ್ಕರೆಯಿಲ್ಲದ ಟೀಯನ್ನೂ ಒಂದು ಬಾಳೆಹಣ್ಣನ್ನೂ ಇಟ್ಟು ಹೋದಳು. ಬಾಳೆಹಣ್ಣನ್ನು ಅವಳು ಮುಟ್ಟಲಿಲ್ಲ.

ನೀಲಿ ರಟ್ಟನ್ನು ತೆರೆದಳು. ಮೊದಲ ಪುಟದಲ್ಲೇ ಆ ಗಿಡದ ಹೆಸರು, ಓರೆ ಅಕ್ಷರಗಳಲ್ಲಿ. ಎರಡನೇ ಪುಟದಲ್ಲಿ ಮೂರು ಸಲ. ಮನೆಗಳಲ್ಲಿ ಅಜ್ಜಿಯರು ಗಾಯದ ಸೊಪ್ಪು ಎಂದು ಕರೆಯುತ್ತಿದ್ದ ಗಿಡ. ಅವಳ ಅಮ್ಮ ಕೂಡ ಅರೆದು ಹಚ್ಚುತ್ತಿದ್ದಳು, ಊದುತ್ತಾ ಹಚ್ಚುತ್ತಿದ್ದಳು, ಉರಿಯುತ್ತೆ ಅಂದರೆ ಉರಿಯಲಿ ಬಿಡು, ಉರಿದರೆ ಕೆಲಸ ಮಾಡ್ತಿದೆ ಅಂತ ಎನ್ನುತ್ತಿದ್ದಳು. ಆ ಎಲೆಯ ಕಷಾಯವನ್ನು ಬೆಳ್ಳಿಯ ಲವಣ ಕರಗಿಸಿದ ನೀರಿಗೆ ಹನಿಹನಿಯಾಗಿ ಬಿಟ್ಟರೆ ನೀರು ಜೇನಿನ ಬಣ್ಣಕ್ಕೂ ಅಲ್ಲಿಂದ ಕಡು ಟೀಯ ಬಣ್ಣಕ್ಕೂ ತಿರುಗುತ್ತದೆ ಎಂದು ಅವಳು ಮೊದಲ ಸಲ ಕಂಡದ್ದು ಮೂವತ್ತೆರಡನೇ ವಯಸ್ಸಿನಲ್ಲಿ. ನೀರಿನೊಳಗೆ ಬೆಳ್ಳಿ ಕಣವಾಗಿತ್ತು. ಕೂದಲೆಳೆಯನ್ನು ಉದ್ದಕ್ಕೆ ಸೀಳಿ ಸಾವಿರ ಪಾಲು ಮಾಡಿದರೆ ಒಂದು ಪಾಲಿನ ದಪ್ಪ ಎಷ್ಟೋ ಅಷ್ಟು ಸಣ್ಣ ಕಣ. ಎಲೆಯೇ ಅದನ್ನು ಮಾಡಿತು, ವಿಷದ ರಾಸಾಯನಿಕವಿಲ್ಲದೆ, ಸದ್ದಿಲ್ಲದೆ. ಅವತ್ತು ಅವಳು ಗಾಜಿನ ಬುಡ್ಡಿಯನ್ನು ಬೆಳಕಿಗೆ ಹಿಡಿದುಕೊಂಡು ಕಾರಿಡಾರಿನಲ್ಲಿ ಓಡಿದ್ದಳು. ಆಮೇಲೆ ಎಲ್ಲರೂ ಅವಳನ್ನು ಬೆಳ್ಳಿ ಮೇಡಂ ಎಂದರು. ಲೇಖನಗಳು ಬಂದವು, ನಲವತ್ತೊಂದು. ಒಂದೊಂದರ ತಲೆಯ ಮೇಲೂ ಅದೇ ಗಿಡದ ಹೆಸರು.

ಎಷ್ಟನೆಯದರಿಂದ ಸುಳ್ಳು? ಅದನ್ನು ಯೋಚಿಸಲು ಹೋದರೆ ಮೆಟ್ಟಿಲಿಲ್ಲದ ಜಾಗಕ್ಕೆ ಕಾಲಿಟ್ಟಂತಾಗುತ್ತಿತ್ತು. ಎಲೆ ಬರುತ್ತಿತ್ತು, ತೂಗುತ್ತಿದ್ದಳು, ಕುದಿಸುತ್ತಿದ್ದಳು, ಬಣ್ಣ ತಿರುಗುತ್ತಿತ್ತು, ಬೆಳಕು ಅಳೆಯುವ ಯಂತ್ರದಲ್ಲಿ ಗೆರೆ ಏರಿ ಇಳಿಯುತ್ತಿತ್ತು. ಗೆರೆ ಪ್ರತಿ ಸಲ ಅಲ್ಲೇ ಏರುತ್ತಿತ್ತು. ಬೆಳ್ಳಿಗೆ ಯಾವ ಎಲೆಯಾದರೇನು! ಎಷ್ಟೋ ಎಲೆಗಳು ಆ ಬಣ್ಣ ತಿರುಗಿಸುತ್ತವೆ. ಅದು ಅವಳಿಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಆದರೆ ಕಣಕ್ಕೆ ಎಲೆಯ ಸಾರ ಅಂಟಿಕೊಂಡೇ ಇರುತ್ತದೆ, ಹಣ್ಣಿಗೆ ಸಿಪ್ಪೆಯ ಹಾಗೆ. ಮೈಗೆ ಸೋಕುವುದು ಆ ಸಿಪ್ಪೆ. ಅಳಿಲು ಐದು ವರ್ಷ ಕೂತು ನೋಡಿದ್ದು ಅದನ್ನೇ: ಈ ಸಿಪ್ಪೆ ಚರ್ಮವನ್ನು ಸುಡುವುದಿಲ್ಲ, ಜೀವಕೋಶವನ್ನು ಕೊಲ್ಲುವುದಿಲ್ಲ. ಅದನ್ನು ನಂಬಿ ಮುಂದಿನ ತಿಂಗಳು ಆಸ್ಪತ್ರೆಯವರು ಸುಟ್ಟ ಗಾಯದ ವಾರ್ಡಿನಲ್ಲಿ ಹನ್ನೆರಡು ಜನರಿಗೆ ಮುಲಾಮು ಹಚ್ಚುವವರಿದ್ದರು. ಎಲೆಯನ್ನು ಅವರೇ ತರಿಸುತ್ತಾರೆ, ಚೀಲಗಟ್ಟಲೆ, ಹೊಲದಿಂದ, ಪುಸ್ತಕದ ಹೆಸರು ತೋರಿಸಿ. ಸರಿಯಾದ ಗಿಡವೇ ಬರುತ್ತದೆ. ಅದರ ಸಿಪ್ಪೆಯನ್ನು ಮಾತ್ರ ಯಾರೂ ಪರೀಕ್ಷೆ ಮಾಡಿಲ್ಲ.

ಪೆನ್ನಿನ ಮುಚ್ಚಳ ತೆಗೆದಳು. ಹಾಕಿದಳು.

ಕಾರಿಡಾರಿನಲ್ಲಿ ಯಾರೋ ಬೆಳ್ಳಿ ಮೇಡಂ ಎಂದು ಕೂಗಿದರು, ಅವಳು ಕೈಚೀಲವನ್ನು ಮೇಜಿನ ಕೆಳಗೆ ತಳ್ಳಿದಳು. ಯಂತ್ರದ ಮೇಷ್ಟ್ರು. ಭೌತಶಾಸ್ತ್ರದವರು, ಕಣಗಳ ಚಿತ್ರ ತೆಗೆಯುವ ದೊಡ್ಡ ಯಂತ್ರಕ್ಕೆ ಅವರೇ ಒಡೆಯರು. ಬಾಗಿಲಲ್ಲಿ ತಲೆ ಹಾಕಿ, “ಏನ್ರೀ, ಶಿಷ್ಯೆ ಪುಸ್ತಕ ಬಂತಂತೆ? ನಮ್ಮ ಯಂತ್ರಕ್ಕೆ ಒಂದು ವಂದನೆ ಹಾಕಿದಾಳೋ ಇಲ್ವೋ?” ಎಂದರು.

“ಹಾಕಿದಾಳೆ.”

“ಹಾಕ್ಲೇಬೇಕು. ನೀವು ಗಿಡದವರು ಹೆಸರಿಟ್ಟು ಕೂತ್ಕೋತೀರಿ, ಹೆರಿಗೆ ಮಾಡ್ಸೋರು ನಾವು.”

ನಕ್ಕು ಹೋದರು. ಒಳ್ಳೆಯ ಮನುಷ್ಯ. ಅವಳಿಗೆ ಜ್ವರ ಬಂದಾಗ ಮನೆಗೆ ಔಷಧಿ ತಂದುಕೊಟ್ಟವರು. ಇದೇ ಮಾತನ್ನು ಹಿಂದೆ ಒಮ್ಮೆ ಇನ್ನೂರು ಜನರ ಸಭೆಯಲ್ಲೂ ಹೇಳಿದ್ದರು: ಮೇಡಂ ಕೆಲಸ ಏನು, ಗಿಡದ ಹೆಸರು ಹೇಳಿದ್ರೆ ಆಯ್ತು, ಮಿಕ್ಕಿದ್ದು ಯಂತ್ರ ನೋಡ್ಕೊಳ್ಳುತ್ತೆ. ಇನ್ನೂರು ಜನ ನಕ್ಕರು, ಅವಳೂ ನಕ್ಕಳು. ಮನೆಗೆ ಹೋಗಿ ಅಕ್ಕನಿಗೆ ಹೇಳಲಿಲ್ಲ. ಆ ದಿನದಿಂದ ಯಂತ್ರದ ಭಾಷೆ ಕಲಿತಳು. ಗೆರೆಗಳನ್ನು, ಉಂಗುರಗಳನ್ನು, ಕಪ್ಪು ಚುಕ್ಕೆಗಳ ಅಳತೆಯನ್ನು ಯಂತ್ರದ ಮೇಷ್ಟ್ರಿಗಿಂತ ಚೆನ್ನಾಗಿ ಓದಲು ಕಲಿತಳು. ಎಲೆ ತರಲು ತೋಟಕ್ಕೆ ಹೋಗುವುದು ನಿಂತದ್ದು ಆಗಲೇ ಇರಬೇಕು. ಅವಳ ಪಾಲಿಗೆ ಇದ್ದದ್ದು ಒಂದೇ ಕೆಲಸ, ಗಿಡದ ಹೆಸರು ಹೇಳುವುದು. ಅದನ್ನೇ ತಪ್ಪಾಗಿ ಹೇಳಿದ್ದಳು. ಇನ್ನೂರು ಜನ ಇನ್ನೊಮ್ಮೆ ನಗುವುದು ಅವಳಿಗೆ ಕೇಳಿಸಿತು, ಈ ಸಲ ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ನಿಧಾನವಾಗಿ ಹರಡಿಕೊಂಡು.

ಹನ್ನೊಂದಕ್ಕೆ ಒಣಗಿಡಗಳ ಕೋಣೆಗೆ ಹೋದಳು. ನುಸಿಗುಳಿಗೆಯ ವಾಸನೆ, ಉಕ್ಕಿನ ಬೀರುಗಳು. ಅವಳ ಹಾಳೆ ಏಳನೇ ಬೀರುವಿನಲ್ಲಿ. ದಪ್ಪ ಕಾಗದಕ್ಕೆ ಹೊಲಿದ ಒಂದು ರೆಂಬೆ, ನೇರಳೆ ಹೂವು ಕಂದಿ ಮಣ್ಣುಬಣ್ಣವಾಗಿದ್ದರೂ ಎರಡು ತುಟಿ ಹಾಗೇ ಇದ್ದವು. ಕೆಳಗೆ ಚೀಟಿ, ಅವಳದೇ ದುಂಡಗಿನ ಅಕ್ಷರ: ಹೆಸರು, ಜಾಗ, ದಿನಾಂಕ, ಸಂಗ್ರಹಿಸಿದವರು, ಗುರುತಿಸಿದವರು. ಕೊನೆಯ ಎರಡೂ ಅವಳೇ. ಚಿಕ್ಕ ವಯಸ್ಸಿನವಳು ಆ ಹೆಸರನ್ನು ಎರಡನೇ ಸಲ ಬರೆಯುವಾಗ ಸಂತೋಷಕ್ಕೆ ಬಾಲ ಸ್ವಲ್ಪ ಉದ್ದ ಎಳೆದಿದ್ದಳು. ಹಾಳೆಯ ಎಲೆಯನ್ನು ಕೈಯಲ್ಲಿದ್ದ ಎಲೆಯ ಪಕ್ಕ ಹಿಡಿದಳು. ಎಷ್ಟು ಹೋಲುತ್ತಿದ್ದವು! ಒಂದು ನಿಮಿಷ ಆಸೆಯಾಯಿತು. ನರಗಳು ಅಂಚನ್ನು ಸೇರುವ ಬಗೆಯಲ್ಲಿ ವ್ಯತ್ಯಾಸ ಇತ್ತು, ಕೈಯಲ್ಲಿದ್ದ ಎಲೆಯ ಬುಡದಲ್ಲಿ ಮೂರು ನರ ಒಟ್ಟಿಗೆ ಹೊರಟಿದ್ದವು. ಭೂತಗನ್ನಡಿ ಹಿಡಿದವರಿಗೆ ಮೂರು ನಿಮಿಷದ ಕೆಲಸ. ಅಂಗೈಯ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಅವಳಿಗೆ ಅಂಗೈಯನ್ನು ತಿರುಗಿಸಿ ನೋಡುವ ಪುರುಸೊತ್ತೇ ಆಗಿರಲಿಲ್ಲ.

ವಾಸನೆ ಬದಲಾಗಿತ್ತಲ್ಲ? ನೆನಪು ಬಂತು. ಅಮ್ಮ ಹಾಸಿಗೆ ಹಿಡಿದ ವರ್ಷ ಐದು ತಿಂಗಳು ರಜೆ ಹಾಕಿ ಹೋಗಿ, ಎಲ್ಲ ಮುಗಿಸಿ ತಿರುಗಿ ಬಂದು ಮೊದಲ ದಿನ ಎಲೆ ಕುದಿಯಲು ಇಟ್ಟಾಗ ವಾಸನೆ ಬೇರೆ ಎನ್ನಿಸಿತ್ತು, ಸ್ವಲ್ಪ ಒಗರು, ಸ್ವಲ್ಪ ಹಸಿಹುಲ್ಲಿನ ಹಾಗೆ. ಅಳುವುದನ್ನು ತಡೆದೂ ತಡೆದೂ ಮೂಗು ಕಟ್ಟಿದೆ ಎಂದುಕೊಂಡಿದ್ದಳು. ಅಮ್ಮ ಇಲ್ಲದ ಮೇಲೆ ಯಾವುದಕ್ಕೂ ಮೊದಲಿನ ವಾಸನೆ ಇರುವುದಿಲ್ಲ ಎಂದು ಕೂಡ ಅಂದುಕೊಂಡಿದ್ದಳು. ಆ ಯೋಚನೆ ಅವಳಿಗೆ ಸ್ವಲ್ಪ ಇಷ್ಟವೂ ಆಗಿತ್ತು. ಹನ್ನೊಂದು ವರ್ಷ.

ಬೀರುವಿನ ಬಾಗಿಲು ತೆರೆದೇ ನಿಂತು ಅವಳು ದಾರಿಗಳನ್ನು ಹುಡುಕಿದಳು. ಸೈನು ಮಾಡುವುದು, ಆಸ್ಪತ್ರೆಗೆ ಫೋನು ಮಾಡಿ ಎಲೆಯನ್ನು ನಮ್ಮ ತೋಟದಿಂದಲೇ ತೆಗೆದುಕೊಳ್ಳಿ ಎನ್ನುವುದು; ಯಾಕೆ ಅಂದರೆ ಮಣ್ಣಿನ ಗುಣ ಎನ್ನುವುದು. ನಂಬುತ್ತಾರೆ. ಮಣ್ಣಿನ ಗುಣ ಎಂದರೆ ಎಲ್ಲರೂ ನಂಬುತ್ತಾರೆ. ಆದರೆ ಚೀಲಗಟ್ಟಲೆ ಎಲೆ ಒಂದು ಬೇಲಿಯಿಂದ ಎಲ್ಲಿ ಬರಬೇಕು? ಅಥವಾ ಸೈನು ಮಾಡಿ ಅಳಿಲನ್ನು ಕಳಿಸಿಬಿಡುವುದು, ಅವಳು ಕೆಲಸಕ್ಕೆ ಸೇರಿಕೊಂಡ ಮೇಲೆ ನಿಧಾನವಾಗಿ, ಒಂದು ಪತ್ರ, ಒಂದು ಸಣ್ಣ ತಿದ್ದುಪಡಿ. ಅಷ್ಟರಲ್ಲಿ ಹನ್ನೆರಡು ಜನ. ಆ ಹನ್ನೆರಡು ಜನರಿಗೆ ಅವಳು ಮುಖ ಕೊಡಬಾರದೆಂದಿದ್ದಳು. ಆದರೂ ಒಬ್ಬಳಿಗೆ ಮುಖ ಬಂತು, ಒಲೆಯ ಮುಂದೆ ಸೀರೆ ಸೆರಗಿಗೆ ಬೆಂಕಿ ತಗುಲಿದ ಯಾರೋ, ಬ್ಯಾಂಡೇಜಿನ ಒಳಗಿಂದ ಉರಿಯುತ್ತೆ ಎನ್ನುತ್ತಿದ್ದಳು, ಉರಿಯಲಿ ಬಿಡಿ ಎನ್ನುತ್ತಿದ್ದರು ನರ್ಸು, ಉರಿದರೆ ಕೆಲಸ ಮಾಡ್ತಿದೆ ಅಂತ.

ಇಲ್ಲವೇ ಸುಮ್ಮನಿರುವುದು. ಹೂವು ಹೇಗೂ ಸಂಜೆಯೊಳಗೆ ಬಾಡುತ್ತದೆ. ಡಬ್ಬಿಯೊಳಗೆ ಮುದುಡಿ, ಕಪ್ಪಾಗಿ, ಯಾವ ಗಿಡದ್ದೆಂದು ಯಾರೂ ಹೇಳಲಾರದ ಹಾಗೆ ಆಗುತ್ತದೆ. ಆಮೇಲೆ ತಾನು ಕಂಡಿದ್ದೇ ನಿಜವೋ ಅಲ್ಲವೋ ಎಂದು ತನಗೇ ಅನುಮಾನ ಬರಬಹುದು. ಅನುಮಾನ ಎಂಬುದು ಇಂಥ ಹೊತ್ತಿನಲ್ಲಿ ಎಷ್ಟು ದೊಡ್ಡ ವರ! ಬೀರುವಿಗೆ ಬೀಗ ಹಾಕುವಾಗ ಕೈಚೀಲವನ್ನು ಬಿಸಿಲು ಬೀಳುವ ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದು ನೋಡಿ ಅವಳಿಗೆ ತನ್ನ ಬಗ್ಗೆಯೇ ಭಯವಾಯಿತು. ಅಲ್ಲಿ ಇಟ್ಟದ್ದು ಯಾವಾಗ? ಯಾಕೆ? ಚೀಲ ಬಿಸಿಯಾಗಿತ್ತು. ತಕ್ಷಣ ಎತ್ತಿ ಎದೆಗೆ ಒತ್ತಿಕೊಂಡಳು.

ಮಧ್ಯಾಹ್ನ ಅಕ್ಕನ ಫೋನು. ಅವಳಿಗಿಂತ ಒಂಬತ್ತು ವರ್ಷ ದೊಡ್ಡವಳು, ಮದುವೆಯಾಗದ ಇಬ್ಬರೂ ಒಂದೇ ಮನೆಯಲ್ಲಿ.

“ಊಟ ಆಯ್ತೇನೇ?”

“ಆಯ್ತು.” ಊಟದ ಡಬ್ಬಿ ಮುಚ್ಚಿಯೇ ಇತ್ತು.

“ಸುಳ್ಳಿ. ನಿನ್ನ ಆಯ್ತು ನಂಗೆ ಗೊತ್ತಿಲ್ವಾ! ಕೇಳು, ಗೇಟು ಕೆರೆದಿತ್ತಲ್ಲ, ಕಾಲಿನ ಗಾಯ, ಪೂರ್ತಿ ಒಣಗಿದೆ ಕಣೇ. ನಿನ್ನ ಮುಲಾಮೇ. ಪಕ್ಕದ ಮನೆಯವಳು ಕೇಳ್ತಿದ್ಲು, ಏನು ಹಚ್ಚಿದ್ರಿ ಅಂತ. ನಮ್ಮ ತಂಗಿ ಬೆಳ್ಳಿ ಅರೆದು ಹಚ್ತಾಳೆ ಅಂದೆ. ಕಾಲುಂಗುರ ಮಾಡಿಸೋದು ಬಿಟ್ಟು ಅರೆದು ಯಾಕೆ ಹಚ್ತಾರೆ ಅಂತ ಅವಳು.”

ಅಕ್ಕ ನಕ್ಕಳು. ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಹಾಗಾದರೆ ಇದು ಕೆಲಸ ಮಾಡುತ್ತದೆ. ಯಾವ ಗಿಡವೋ, ಅದು ಕೆಲಸ ಮಾಡುತ್ತದೆ. ಅದಕ್ಕೂ ಒಂದು ಹೆಸರಿದೆ, ಹನ್ನೊಂದು ವರ್ಷದಿಂದ ಇನ್ನೊಬ್ಬರ ಹೆಸರಿಗೆ ದುಡಿದಿದೆ.

“ಅಕ್ಕಾ, ಆ ಮುಲಾಮು ಇವತ್ತಿಂದ ಹಚ್ಕೋಬೇಡ.”

“ಯಾಕೆ? ವಾಸಿ ಆಯ್ತು ಅಂತಿದೀನಿ.”

“ವಾಸಿ ಆಯ್ತಲ್ಲ. ಸಾಕು.”

“ನಿನ್ನ ದನಿ ಸರಿಯಿಲ್ಲ. ಬೇಗ ಬಾ. ಬಿಸಿನೀರು ಕಾಯಿಸಿಟ್ಟಿರ್ತೀನಿ,” ಎಂದಳು ಅಕ್ಕ. ಏನಾಯಿತೆಂದು ಕೇಳಲಿಲ್ಲ. ಎಂದೂ ಕೇಳುವುದಿಲ್ಲ, ಬಿಸಿನೀರು ಕಾಯಿಸುತ್ತಾಳೆ.

ಮೂರು ಗಂಟೆಗೆ ತೋಟಕ್ಕೆ ಇಳಿದಳು. ಎಷ್ಟು ದಿನವಾಗಿತ್ತು ಈ ಕಡೆ ಬಂದು! ಗಿಡ ಇದ್ದ ಜಾಗ ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು, ಹಳೇ ಬಾವಿಕಟ್ಟೆಯಿಂದ ಹನ್ನೆರಡು ಹೆಜ್ಜೆ, ಬೇವಿನ ನೆರಳಿನ ಅಂಚಿನಲ್ಲಿ. ಹನ್ನೆರಡು ಹೆಜ್ಜೆ ನಡೆದರೆ ಗೋಡೆ. ಯಂತ್ರದ ಕೋಣೆಯ ಹಿಂದಿನ ಗೋಡೆ, ತಣ್ಣನೆ ಗಾಳಿಯ ಪೆಟ್ಟಿಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಈ ಕೋಣೆ ಕಟ್ಟಿದ್ದು ಅವಳ ಯೋಜನೆಗೆ ಬಂದ ಯಂತ್ರಕ್ಕಾಗಿ. ಉದ್ಘಾಟನೆಯ ಚಿತ್ರದಲ್ಲಿ ಅವಳು ಅಮ್ಮ ಸತ್ತ ನಾಲ್ಕನೇ ವಾರದ ಮುಖದಲ್ಲಿ ನಗುತ್ತಾ ನಿಂತಿದ್ದಾಳೆ, ಸರಿಯಾಗಿ ಗಿಡ ಇದ್ದ ಜಾಗದ ಮೇಲೆ. ಗಿಡದ ಚಿತ್ರ ತೆಗೆಯುವ ಯಂತ್ರವನ್ನು ಗಿಡದ ಮೇಲೆಯೇ ಕೂರಿಸಿದ್ದರು, ಅದು ಅವಳಿಗೆ ಇವತ್ತು ತಿಳಿಯುತ್ತಿತ್ತು.

ಮಾಲಿ ಬೇಲಿಯ ಹತ್ತಿರ ಕಾಲು ಚಾಚಿ ಕೂತಿದ್ದರು, ಮೊಣಕಾಲಿಗೆ ಬಟ್ಟೆ ಕಟ್ಟಿಕೊಂಡು. ಅವಳನ್ನು ಕಂಡು ಏಳಲು ಹೋದರು.

“ಏಳಬೇಡಿ, ಏಳಬೇಡಿ. ನೋವು ಹೇಗಿದೆ?”

“ಅದಕ್ಕೇನು ಅಮ್ಮ, ನನಗಿಂತ ಮೊದಲು ಎದ್ದಿರುತ್ತೆ. ಇವತ್ತು ಎಲೆ ಸರಿಯಾಗಿ ಬಿಡಿಸಿ ಕೊಡೋಕೆ ಆಗ್ಲಿಲ್ಲ. ಬೇಜಾರು ಮಾಡ್ಕೋಬೇಡಿ.”

“ಬೇಜಾರಿಲ್ಲ.” ಬೇಲಿಯುದ್ದಕ್ಕೂ ಅದು ಹಬ್ಬಿ ನಿಂತಿತ್ತು, ಎದೆಯೆತ್ತರ, ಬಿಳಿ ಕುಚ್ಚುಗಳು ನೂರಾರು, ಮೇಲೆಲ್ಲ ಜೇನ್ನೊಣ. ಯಾವ ಮರೆಯೂ ಇರಲಿಲ್ಲ. ಯಾರು ಬೇಕಾದರೂ ನೋಡಬಹುದಿತ್ತು. “ಎಲೆ ತರೋದು ಇಲ್ಲಿಂದಲೇನಾ?”

“ಹೂಂ. ಹಳೇದು ಆ ಕೋಣೆ ಪಾಯ ತೆಗೆದಾಗ ಹೋಯ್ತಲ್ಲ. ನೀವು ತಾಯಿ ಹತ್ರ ಇದ್ರಿ. ಬೇರು ಸಮೇತ ಕಿತ್ತು ತಂದು ಇಲ್ಲಿ ನೆಟ್ಟೆ. ಎರಡು ತಿಂಗಳು ಕೊಡದಲ್ಲಿ ನೀರು ಹೊತ್ತೆ. ನಿಲ್ಲಲಿಲ್ಲ ಅಮ್ಮ.” ಮಾಲಿ ಕೈಯಲ್ಲಿದ್ದ ಕುಡುಗೋಲನ್ನು ನೆಲಕ್ಕೆ ಒರೆಸಿದರು. “ಅದು ಒಣಗಿದ ಜಾಗದಲ್ಲೇ ಇದು ಬಂತು. ಎಲೆ ಅದೇ ಥರ. ತಾಯಿನ ಕಳ್ಕೊಂಡು ಬರ್ತಾರೆ, ಬಂದ ದಿನವೇ ಗಿಡವೂ ಹೋಯ್ತು ಅಂತ ಹೇಗೆ ಹೇಳೋದು ಅಂತ...”

ಅವಳಿಗೆ ಆ ಬೆಳಿಗ್ಗೆ ನೆನಪಿತ್ತು. ಮೇಜಿನ ಮೇಲೆ ತಟ್ಟೆ, ಒದ್ದೆ ಬಟ್ಟೆ. ಲೋಕದಲ್ಲಿ ಒಂದಾದರೂ ಇದ್ದ ಹಾಗೇ ಇದೆಯಲ್ಲ ಎಂದು ಬಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು.

“ಹೂವು ಬಿಟ್ಟಾಗ ನಿಮಗೆ ಅನುಮಾನ ಬರಲಿಲ್ವಾ?”

“ಬಂತು.” ಮಾಲಿ ತಲೆಯೆತ್ತಿ ಅವಳನ್ನು ನೇರವಾಗಿ ನೋಡಿದರು, ಅಳುಕಿಲ್ಲದೆ. “ಬಂತು ಅಮ್ಮ. ಆದ್ರೆ ನಾನು ಓದಿದೋನಲ್ಲ. ಎಲೆ ದಿನಾ ನಿಮ್ಮ ಕಣ್ಣ ಮುಂದೇನೇ ಇಡ್ತಿದ್ನಲ್ಲ. ತಪ್ಪಿದ್ರೆ ನೀವೇ ಹೇಳ್ತೀರ ಅಂದ್ಕೊಂಡೆ. ನೀವೇನೂ ಹೇಳಲಿಲ್ಲ. ಸರಿ ಇದೆ ಅಂದ್ಕೊಂಡೆ.”

ಜೇನ್ನೊಣಗಳ ಸದ್ದು ಜೋರಾದಂತಿತ್ತು.

“ತಪ್ಪಾಯ್ತಾ ಅಮ್ಮ?”

ಆ ಮುಖದಲ್ಲಿ ಈಗ ಭಯ ಬಂದಿತ್ತು. ಬೆಳಿಗ್ಗೆಯಿಂದ ಅವಳೊಳಗಿದ್ದ ಅದೇ ಭಯ, ಅವಳಿಂದ ಇಳಿದು ಅಲ್ಲಿಗೆ ಹತ್ತುತ್ತಿತ್ತು. ಕೊಟ್ಟುಬಿಡಬಹುದಿತ್ತು. ಮಾಲಿ ತಪ್ಪು ಗಿಡ ತಂದರು ಎಂದು ಒಂದು ಸಾಲು. ಎಲ್ಲರೂ ಅಯ್ಯೋ ಪಾಪ ಎನ್ನುತ್ತಿದ್ದರು, ಅವಳಿಗೆ. ಅವಳು ಸೀರೆ ಎತ್ತಿಕಟ್ಟಿ ಆ ಮಣ್ಣಿನ ಮೇಲೆ ಪಕ್ಕದಲ್ಲೇ ಕೂತಳು.

“ನಿಮ್ಮದಲ್ಲ,” ಎಂದಳು. “ನೋಡೋ ಕೆಲಸ ನಂದು.” ಆಮೇಲೆ ಕೇಳಿದಳು, “ಇಷ್ಟು ವರ್ಷ ಆಯ್ತು, ನಿಮ್ಮ ಪೂರ್ತಿ ಹೆಸರೇನು ಅಂತ ನಾನು ಕೇಳಲೇ ಇಲ್ಲ.”

ಅವರು ಹೇಳಿದರು. ತಂದೆಯ ಹೆಸರನ್ನೂ ಸೇರಿಸಿ ಹೇಳಿದರು, ಹಾಜರಿ ಕರೆದಾಗ ಹೇಳುವ ಹಾಗೆ. ಒಳ್ಳೆಯ ಹೆಸರು. ಅವಳು ಅದನ್ನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡಳು.

ಮೇಲೆ ಬಂದಾಗ ನಾಲ್ಕೂವರೆ. ಕೋಣೆಯಲ್ಲಿ ಅಳಿಲು ನಾಲ್ಕೂ ಪುಸ್ತಕದ ಮೂರನೇ ಪುಟ ತೆರೆದು, ಜಾರದಂತೆ ಒಂದೊಂದರ ಮೇಲೂ ಗಾಜಿನ ಬಿರಡೆ ಇಟ್ಟು, ಪೆನ್ನು ಕೈಯಲ್ಲಿ ಹಿಡಿದು ಕಾಯುತ್ತಿದ್ದಳು. ಬಾಳೆಹಣ್ಣು ಇಟ್ಟಲ್ಲೇ ಇತ್ತು.

“ಎಲ್ಲಿ ಹೋಗಿದ್ರಿ ಮೇಡಂ! ನನ್ನ ಜೀವ ಬಾಯಿಗೆ ಬಂತು. ಸೀರೆಗೆಲ್ಲ ಮಣ್ಣು.”

ಅವಳು ಕೂತಳು. ಹೇಳಬೇಕಾದ ಮಾತನ್ನು ಮೆಟ್ಟಿಲು ಹತ್ತುವಾಗ ಜೋಡಿಸಿಕೊಂಡಿದ್ದಳು, ಈಗ ಅದರ ಒಂದು ಪದವೂ ಇರಲಿಲ್ಲ. ಕೈಚೀಲದಿಂದ ಕನ್ನಡಕದ ಡಬ್ಬಿ ತೆಗೆದಳು. ಅಳಿಲು, ಕನ್ನಡಕ ಕಣ್ಣ ಮೇಲೇ ಇದೆಯಲ್ಲ ಎಂದು ಹೇಳಲು ಬಾಯಿ ತೆರೆದವಳು, ತೆರೆದ ಡಬ್ಬಿಯ ಮೇಲೆ ಬಗ್ಗಿದಳು. ಹೂವು ತಲೆ ವಾಲಿಸಿತ್ತು. ಪೂರ್ತಿ ಬಾಡಿರಲಿಲ್ಲ. ಕುಚ್ಚಿನ ಅಂಚು ಮಾತ್ರ ಸ್ವಲ್ಪ ಕಂದಿತ್ತು.

“ಇದು ಯಾವುದು ಮೇಡಂ?”

“ನಮ್ಮದು,” ಎಂದಳು. “ನಮ್ಮ ತಟ್ಟೆಯದು. ಬೇಲಿ ತುಂಬ ಇದೇ ಇದೆ. ನಾನು ಈಗ ನೋಡಿ ಬಂದೆ.”

ಅಳಿಲು ಪೆನ್ನನ್ನು ಮೇಜಿನ ಮೇಲಿಟ್ಟಳು. ಡಬ್ಬಿಯಿಂದ ಹೂವನ್ನು ಎತ್ತಿ, ಕಿಟಕಿಯ ಹತ್ತಿರ ಹೋಗಿ, ಬೆನ್ನು ತಿರುಗಿಸಿ ನಿಂತಳು. ಎರಡು ಬೆರಳ ನಡುವೆ ಕಡ್ಡಿಯನ್ನು ಹೊರಳಿಸಿದಳು. ಒಮ್ಮೆ. ಇನ್ನೊಮ್ಮೆ, ಆ ಕಡೆಯಿಂದ ಈ ಕಡೆಗೆ. ಬೆಳ್ಳಿ ಮೇಡಂಗೆ ಆ ಬೆರಳುಗಳು ಗೊತ್ತಿದ್ದವು. ಹದಿನೆಂಟು ವರ್ಷದ ಹುಡುಗಿಯೊಬ್ಬಳಿಗೆ, ಮೊದಲ ಬೆಂಚಿನಲ್ಲಿ, ಹೀಗಲ್ಲ, ಸ್ವಲ್ಪ ಒತ್ತಿ ಹಿಡಿ ಎಂದು ತಾನೇ ಹೇಳಿಕೊಟ್ಟದ್ದು.

“ದುಂಡಗಿದೆ,” ಎಂದಳು ಅಳಿಲು.

“ಹೂಂ.”

“ಐದು ವರ್ಷ ಮೇಡಂ.”

“ಹೂಂ.”

“ಬೆಳಿಗ್ಗೆನೇ ಗೊತ್ತಿತ್ತು ನಿಮಗೆ. ನಾನು ಟೀ ತಂದಾಗ.”

ಅವಳು ತಲೆಯಾಡಿಸಿದಳು. ಹುಡುಗಿ ತಿರುಗಿದಳು. ಅಳುತ್ತಿರಲಿಲ್ಲ, ಅತ್ತಿದ್ದರೆ ಸುಲಭವಾಗುತ್ತಿತ್ತು. ಕಣ್ಣಲ್ಲಿ ಹಿಂದೆಂದೂ ಕಾಣದಿದ್ದ ಅಪರಿಚಿತರ ನೋಟ. “ಸೈನು ಮಾಡಿದ್ರೆ?” ಎಂದಳು, ಸಣ್ಣ ದನಿಯಲ್ಲಿ. ಬೆಳಿಗ್ಗೆಯಿಂದ ಬೆಳ್ಳಿ ಮೇಡಂ ತನ್ನನ್ನು ತಾನೇ ಕೇಳಿಕೊಂಡ ದನಿಯೂ ಅದೇ. “ಯಾರಿಗೆ ಗೊತ್ತಾಗುತ್ತೆ? ಯಾರು ಬೇಲಿ ಹತ್ರ ಹೋಗ್ತಾರೆ?”

“ಯಾರೂ ಹೋಗಲ್ಲ,” ಎಂದಳು ಅವಳು. “ಆದ್ರೆ ಆಸ್ಪತ್ರೆಯವರು ಹೆಸರು ನೋಡಿ ತರಿಸ್ತಾರೆ.”

ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹದಿನೈದು ನಿಮಿಷ ಇತ್ತು. ಆಫೀಸಿನ ಕಿಟಕಿ ಕೆಳಗಿನ ಮಹಡಿಯಲ್ಲಿ, ಅಳಿಲಿಗೆ ಅದು ಅರ್ಧ ನಿಮಿಷದ ಓಟ. ಇಬ್ಬರೂ ಗಡಿಯಾರ ನೋಡಿದರು, ಇಬ್ಬರೂ ಇನ್ನೊಬ್ಬರು ನೋಡಿದ್ದನ್ನು ಕಂಡರು. ಅವಳು ಫೋನು ಎತ್ತಿಕೊಂಡು ಸುಟ್ಟ ಗಾಯದ ವಾರ್ಡಿನ ಡಾಕ್ಟರಿಗೆ ಮಾಡಿದಳು. ಎಲೆ ತರಿಸಬೇಡಿ, ನಾನು ಗುರುತಿಸಿದ ಗಿಡ ತಪ್ಪು, ಹೌದು, ನಾನೇ, ನಾಳೆ ಬರೆದು ಕೊಡ್ತೀನಿ. ಆ ಕಡೆಯವರು ಏನೋ ಕೇಳಿದರು. ಅವಳು, ಹೌದು, ಹನ್ನೊಂದು ವರ್ಷ, ಎಂದಳು. ಹೇಳಿದ ಮೇಲೆ ಹಗುರವಾಗುತ್ತದೆ ಎಂದು ಯಾರು ಹೇಳಿದರು? ನಾಳೆ ನಿರ್ದೇಶಕರು, ನಾಡಿದ್ದು ಯಂತ್ರದ ಮೇಷ್ಟ್ರು, ಆಮೇಲೆ ಲೇಖನ ಅಚ್ಚು ಮಾಡಿದವರು ಒಬ್ಬೊಬ್ಬರೇ. ಭಯ ಹೋಗಿರಲಿಲ್ಲ. ಈವರೆಗೆ ಅದು ಹಿಂದಿನಿಂದ ಬರುತ್ತಿತ್ತು, ಈಗ ಎದುರಿಗೆ ಬಂದು ಕೂತಿತ್ತು, ಅಷ್ಟೆ.

“ಬಾಡಿಬಿಡುತ್ತೆ,” ಎಂದಳು. “ಒತ್ತಿಡಬೇಕು.”

ಮೂಲೆಯಲ್ಲಿದ್ದ ಹಳೇ ದಿನಪತ್ರಿಕೆಗಳನ್ನು ತಂದು ಮೇಜಿನ ಮೇಲೆ ಹಾಸಿದಳು. ಬೆಳಗಿನ ತಟ್ಟೆಯಲ್ಲಿ ಉಳಿದಿದ್ದ ಕಡ್ಡಿಯನ್ನು ತಂದು, ಮುರಿದ ತುದಿಯನ್ನು ಅಳಿಲಿನ ಕೈಯಿಂದ ತೆಗೆದುಕೊಂಡು ಅದರ ಗಾಯಕ್ಕೆ ಸರಿಯಾಗಿ ಹೊಂದಿಸಿ ಮಲಗಿಸಿದಳು. ಒಂದು ಎಲೆ ಮಡಚಿಕೊಂಡಿತ್ತು, ಅದನ್ನು ಉಗುರಿನ ತುದಿಯಿಂದ ಬಿಡಿಸಿ, ಒಂದೆಲೆ ಬೆನ್ನು ಮೇಲಾಗಿ, ಒಂದೆಲೆ ಮುಖ ಮೇಲಾಗಿ. ಚೀಟಿ ಬರೆದಳು. ಜಾಗ: ತೋಟದ ಬೇಲಿ. ದಿನಾಂಕ. ಸಂಗ್ರಹಿಸಿದವರು ಎಂಬಲ್ಲಿ ಮಾಲಿಯ ಪೂರ್ತಿ ಹೆಸರು, ತಂದೆಯ ಹೆಸರಿನ ಸಮೇತ. ಅದರ ಕೆಳಗೆ ಒಂದು ಸಾಲು ಸೇರಿಸಿದಳು: ಹನ್ನೊಂದು ವರ್ಷ ತಪ್ಪಾಗಿ ಗುರುತಿಸಿದವರು, ಎಂದು ಬರೆದು ತನ್ನ ಹೆಸರು ಬರೆದಳು, ಬಾಲ ಎಳೆಯದೆ. ಗಿಡದ ಹೆಸರಿನ ಜಾಗ ಖಾಲಿ ಬಿಟ್ಟಳು. ಕುಲ ಯಾವುದೆಂದು ಹೇಳಬಲ್ಲಳು, ಅದರಾಚೆ ಗೊತ್ತಿರಲಿಲ್ಲ. ಕೂತು ನೋಡಬೇಕು.

ಮೇಲೊಂದು ಪತ್ರಿಕೆ ಮುಚ್ಚಿದಳು. ಹಲಗೆ ಇಟ್ಟಳು. ಭಾರಕ್ಕೆ ಇಟ್ಟಿಗೆ ಹುಡುಕಿದಳು. ಯಾವ ಕಾಲದಲ್ಲೋ ಇಲ್ಲಿ ನಾಲ್ಕು ಇಟ್ಟಿಗೆ ಇದ್ದವು, ಬಟ್ಟೆ ಸುತ್ತಿ ಇಟ್ಟಿದ್ದಳು. ಮೇಜಿನ ಕೆಳಗೆ ಬಗ್ಗಿ ನೋಡಿದಳು, ಬೀರುವಿನ ಹಿಂದೆ ನೋಡಿದಳು. ಇರಲಿಲ್ಲ. ಗಿಡ ಒತ್ತುವ ಕೆಲಸ ಈ ಕೋಣೆಯಲ್ಲಿ ನಿಂತು ಎಷ್ಟು ವರ್ಷವಾಗಿತ್ತೋ.

ಕೆಳಗಿನ ಮಹಡಿಯಲ್ಲಿ ಗುಮಾಸ್ತರು ಕಿಟಕಿಯ ಬಾಗಿಲು ಎಳೆದ ಸದ್ದಾಯಿತು, ಕರಕರ ಎಂದು, ಆಮೇಲೆ ಚಿಲಕ.

ಅಳಿಲು ಇನ್ನೂ ಕಿಟಕಿಯ ಹತ್ತಿರವೇ ಇದ್ದಳು. ಆ ಸದ್ದನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೇಜಿನ ಹತ್ತಿರ ಬಂದು ಗಾಜಿನ ಬಿರಡೆಗಳನ್ನು ಒಂದೊಂದಾಗಿ ತೆಗೆದಿಟ್ಟಳು, ಪುಸ್ತಕಗಳನ್ನು ಮುಚ್ಚಿದಳು. ಹೋಗುತ್ತಾಳೆ ಎಂದು ಅವಳು ಅಂದುಕೊಂಡಳು. ಬಾಗಿಲಿಗೆ ದಾರಿ ಬಿಟ್ಟು ಸ್ವಲ್ಪ ಸರಿದು ನಿಂತಳು.

“ಭಾರ ಸಾಲಲ್ಲ,” ಎಂದಳು ಹುಡುಗಿ, ಅವಳ ಮುಖ ನೋಡದೆ. ನೀಲಿ ರಟ್ಟಿನ ಪುಸ್ತಕಗಳನ್ನು ಹಲಗೆಯ ಮೇಲೆ ಇಟ್ಟಳು, ಒಂದರ ಮೇಲೊಂದು, ನಾಲ್ಕೂ, ಅಂಚು ಸರಿಯಾಗಿ ಕೂರುವಂತೆ ಜೋಡಿಸಿ, ಮೇಲೆ ಎರಡೂ ಅಂಗೈ ಊರಿ ಒತ್ತಿ ಹಿಡಿದಳು.